ಕಾದು ನೋಡುವುದು ತರವಲ್ಲ

ಕೂಸಿಗೆ ನಾಲ್ಕು ತಿಂಗಳು ತುಂಬಿದರೂ ಕತ್ತು ನಿಂತಿಲ್ಲವೆಂದು ಊರಿನಿಂದ ಸುದ್ದಿ ಬಂದರೆ, “ಕೆಲವು ಮಕ್ಕಳು ನಿಧಾನ, ತಾನಾಗಿ ಸರಿಹೋಗುತ್ತದೆ” ಎಂದು ಹಿರಿಯರು ಪರವೂರಿನಲ್ಲಿ ದುಡಿಯುವ ತಂದೆಯನ್ನು ಸಮಾಧಾನಪಡಿಸುವುದು ವಾಡಿಕೆ. ಬಹುಪಾಲು ಮಕ್ಕಳ ವಿಷಯದಲ್ಲಿ ಈ ಮಾತು ನಿಜವೂ ಹೌದು. ಆದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ವ್ಯಾಧಿಯಲ್ಲಿ ಈ ಸಮಾಧಾನವೇ ಮಗುವಿಗೆ ಮುಳುವಾಗಬಲ್ಲದು.

ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಈ ವ್ಯಾಧಿಯಲ್ಲಿ ನಶಿಸುತ್ತ ಹೋಗುತ್ತವೆ. ಸ್ಪರ್ಶಜ್ಞಾನ ಕುಂದದು, ಬುದ್ಧಿಯೂ ಕುಂದದು. ಕಣ್ಣರಳಿಸಿ ನಗುವ ಕೂಸಿನ ಕೈಕಾಲುಗಳು ಮಾತ್ರ ಸೋಲುತ್ತವೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ಮಣಿಕಟ್ಟಿನ ನರಕ್ಕೆ ಅಲ್ಪ ವಿದ್ಯುತ್ತನ್ನು ಮುಟ್ಟಿಸಿ, ಅಂಗೈಯ ಸ್ನಾಯು ಎಷ್ಟು ಬಲವಾಗಿ ಉತ್ತರ ಕೊಡುತ್ತದೆಂಬುದನ್ನು ವೈದ್ಯರು ಅಳೆಯುವುದುಂಟು. ತೀವ್ರ ಬಗೆಯ ವ್ಯಾಧಿಯಲ್ಲಿ ಈ ಅಳತೆಯು ಹುಟ್ಟಿದ ಮೊದಲ ಕೆಲವೇ ತಿಂಗಳುಗಳಲ್ಲಿ ಕುಸಿಯುತ್ತದೆ. ಸತ್ತ ನರಕೋಶ ಮರಳಿ ಬಾರದು.

ಕಾರಣವಾದ ವಂಶವಾಹಿಯು 1995ರಲ್ಲಿ ಪತ್ತೆಯಾಯಿತು. 2016ರಿಂದ 2020ರವರೆಗೆ ಮೂರು ಔಷಧಗಳು ಅಮೆರಿಕದಲ್ಲಿ ಮನ್ನಣೆ ಪಡೆದವು. ಇವೆಲ್ಲವೂ ಉಳಿದ ನರಗಳನ್ನು ಕಾಯುವಂಥವು, ಹೋದುದನ್ನು ತರುವಂಥವಲ್ಲ. ಅವುಗಳ ಪೈಕಿ ಬಾಯಿಯ ಮೂಲಕ ಕೊಡುವ ರಿಸ್ಡಿಪ್ಲಾಮ್ ಔಷಧವನ್ನು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಯು 2025ರಲ್ಲಿ ಬಹಳ ಕಡಿಮೆ ಬೆಲೆಗೆ ಹೊರತಂದಿದೆ. ಭಾರತ ಸರಕಾರದ 2021ರ ವಿರಳ ರೋಗ ನೀತಿಯನ್ವಯ 50 ಲಕ್ಷ ರೂಪಾಯಿಗಳವರೆಗೆ ನೆರವಿಗೆ ಅವಕಾಶವಿದೆ. ಮುಂಬಯಿಯ ಕೆ.ಇ.ಎಂ., ದೆಹಲಿಯ ಏಮ್ಸ್, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳು ಇದಕ್ಕಾಗಿ ನೇಮಕಗೊಂಡ ಕೇಂದ್ರಗಳಲ್ಲಿ ಸೇರಿವೆ.

ಕೂಸು ಕಪ್ಪೆಯಂತೆ ಕಾಲು ಚೆಲ್ಲಿ ಮಲಗಿದರೆ, ಕಾಲು ಝಾಡಿಸದಿದ್ದರೆ, ಅಳು ಕ್ಷೀಣವಾದರೆ, ಎದೆಯಾಡದೆ ಹೊಟ್ಟೆಯಷ್ಟೇ ಆಡುವಂತೆ ಉಸಿರಾಡಿದರೆ, ಹಬ್ಬದ ರಜೆಯವರೆಗೆ ಕಾಯಬೇಡಿರಿ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸುವಂತೆ ಊರಿಗೆ ಫೋನು ಮಾಡಿರಿ. ರಕ್ತಪರೀಕ್ಷೆಯೊಂದರಿಂದ ಬಹುತೇಕ ನಿರ್ಣಯವಾಗುತ್ತದೆ.

ಇನ್ನೊಂದು ಮಾತು. ಇಂಥ ಮಗು ಹುಟ್ಟಿತೆಂದು ತಾಯಿಯನ್ನು ದೂರುವುದು ಘೋರ ಅನ್ಯಾಯ. ಸಾಮಾನ್ಯವಾಗಿ ದೋಷಯುಕ್ತ ವಂಶವಾಹಿಯು ತಂದೆತಾಯಿ ಇಬ್ಬರಿಂದಲೂ ಬಂದಿರುತ್ತದೆ, ಇಬ್ಬರೂ ಆರೋಗ್ಯವಂತರೇ. ಅಂಥ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಈ ಭಯವುಂಟು. ಸೋದರಮಾವನ ಸಂಬಂಧ, ಅತ್ತೆಮಗಳ ಸಂಬಂಧ ನಮ್ಮಲ್ಲಿ ರೂಢಿಯಾಗಿರುವುದರಿಂದ ಈ ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು.

ಹುಟ್ಟಿದ ಪ್ರತಿ ಶಿಶುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಪರೀಕ್ಷಿಸುವ ಏರ್ಪಾಡನ್ನು ಸರಕಾರ ದೇಶದಾದ್ಯಂತ ಮಾಡಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಅಲ್ಲಿಯವರೆಗೆ ಕೂಸಿನ ಕೈಕಾಲುಗಳ ಮೇಲೆ ಮನೆಯವರ ಕಣ್ಣೇ ಕಾವಲು.