ಕೈಚಳಕಕ್ಕೊಂದು ತಕ್ಕಡಿ

ಕಳೆದ ತಿಂಗಳು ಮಂಡ್ಯದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ತಂದೆಗೂ ಮಗನಿಗೂ ವ್ಯಾಜ್ಯ ನಡೆದಿತ್ತು. ಬಿ.ಕಾಂ. ಓದುತ್ತಿರುವ ಸೋದರಳಿಯನಿಗೆ ಪೂಲ್ ಆಟದ ಹುಚ್ಚು. ಓದನ್ನು ಒಂದು ವರ್ಷ ನಿಲ್ಲಿಸಿ, ಬೆಂಗಳೂರಿನಲ್ಲಿದ್ದು ಆಟವನ್ನೇ ಸಾಧಿಸುವೆನೆಂದು ಅವನ ಹಟ.

“ಮಾವ, ಮದ್ದೂರಿನವರನ್ನು ನಾನು ಸೋಲಿಸಿದ್ದೇನೆ. ಮಳವಳ್ಳಿಯವರು ಮದ್ದೂರಿನವರಿಗೆ ಸೋತಿದ್ದಾರೆ. ಅಂದಮೇಲೆ ಮೂರೂರಿಗೂ ನಾನೇ ಮೊದಲಿಗನಲ್ಲವೇ?”

“ನೋಡಿ ಭಾವ, ಮದ್ದೂರು ವಡೆಯ ಪಂದ್ಯ ಗೆದ್ದವನು ಲೋಕವನ್ನೇ ಗೆದ್ದೆನೆನ್ನುತ್ತಾನೆ!” ಎಂದರು ತಂದೆ.

ಮಂಡ್ಯದವರಿಗೆ ತೂಕದ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಊರು ಅದು. ಗಾಡಿಯಲ್ಲಿ ಕಬ್ಬು ಎಷ್ಟೆತ್ತರ ಕಾಣುತ್ತದೆಂಬುದು ಅಲ್ಲಿ ಮುಖ್ಯವಲ್ಲ. ತೂಕವೆಷ್ಟು, ಸಕ್ಕರೆಯ ಇಳುವರಿಯೆಷ್ಟು ಎಂಬುದೇ ಮುಖ್ಯ. ಹಾಗಾದರೆ ಕೈಚಳಕದ ಇಳುವರಿಯನ್ನು ಅಳೆಯುವುದು ಹೇಗೆ?

ಗೆಲುವೊಂದೇ ಅಳತೆಯಲ್ಲ. ಎದುರಾಳಿ ದುರ್ಬಲನಾದರೆ ಗೆಲುವು ಅಗ್ಗ. ಎರಡು ಮೂರು ಆಟಗಳಲ್ಲಿ ಅದೃಷ್ಟಕ್ಕೂ ಪಾಲುಂಟು. ಆದುದರಿಂದ ಬಲ್ಲವರು ಎರಡು ತಕ್ಕಡಿಗಳನ್ನು ಕಂಡುಹಿಡಿದಿದ್ದಾರೆ.

ಮೊದಲನೆಯದು, ತಪ್ಪಿನ ಲೆಕ್ಕ. ಕುಳಿಗೆ ಬಿದ್ದ ಚೆಂಡುಗಳನ್ನು ಎಣಿಸಬೇಕು. ಗುರಿ ತಪ್ಪಿದ ಹೊಡೆತ, ಬಿಳಿಯ ಚೆಂಡನ್ನು ಮುಂದಿನ ಹೊಡೆತಕ್ಕೆ ಅನುಕೂಲವಾದೆಡೆ ನಿಲ್ಲಿಸದ ಅವಿವೇಕ, ಎದುರಾಳಿಗೆ ದಾರಿಬಿಟ್ಟ ರಕ್ಷಣೆ, ಇವೆಲ್ಲವನ್ನೂ ತಪ್ಪುಗಳೆಂದು ಬರೆದುಕೊಳ್ಳಬೇಕು. ಬಿದ್ದ ಚೆಂಡುಗಳನ್ನು, ಚೆಂಡು ಮತ್ತು ತಪ್ಪುಗಳ ಒಟ್ಟು ಮೊತ್ತದಿಂದ ಭಾಗಿಸಿದರೆ ಆಟದ ಬೆಲೆ ದೊರೆಯುತ್ತದೆ. ಎದುರಿಗೆ ಯಾರಿದ್ದರೆಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕಿಲ್ಲ.

ಎರಡನೆಯದು ಚದುರಂಗದಿಂದ ಬಂದುದು. ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಅಂಗೀಕರಿಸಿತು. ಬಲ್ಲವನನ್ನು ಗೆದ್ದರೆ ಹೆಚ್ಚು ಅಂಕ, ಬಾರದವನನ್ನು ಗೆದ್ದರೆ ಅಲ್ಪ. ಪೂಲ್ ಆಟಕ್ಕೂ ಇಂಥದೇ ಫಾರ್ಗೋ ಅಂಕವಿದೆ. ಇಬ್ಬರ ನಡುವೆ ನೂರು ಅಂಕದ ಅಂತರವಿದ್ದರೆ, ಮೂವತ್ತು ಆಟಗಳಲ್ಲಿ ಮೇಲಿನವನು ಸುಮಾರು ಇಪ್ಪತ್ತನ್ನು ಗೆಲ್ಲುವನೆಂದು ನಿರೀಕ್ಷೆ. ಮಂಡ್ಯದವನು ಮದ್ದೂರಿನವನೊಡನೆ, ಮದ್ದೂರಿನವನು ಬೆಂಗಳೂರಿನವನೊಡನೆ ಸಾಕಷ್ಟು ಆಡಿದ್ದರೆ, ಒಬ್ಬರನ್ನೊಬ್ಬರು ಕಾಣದ ಮಂಡ್ಯ ಬೆಂಗಳೂರುಗಳನ್ನೂ ತೂಗಬಹುದು. ಅಳಿಯನ ತರ್ಕ ಪೂರ್ತಿ ಸುಳ್ಳಲ್ಲ. ಆಟಗಳ ಸಂಖ್ಯೆ ಸಾಲದು, ಅಷ್ಟೆ.

ನಿಜವಾದ ಪ್ರತಿಭೆ ಯಾವ ತಕ್ಕಡಿಗೂ ಹೆದರುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಸ್ನೂಕರಿನ ವಿಶ್ವ ಪ್ರಶಸ್ತಿ ಪಡೆದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಕಾಲಮಿತಿಯ ಪಂದ್ಯ, ಅಂಕಮಿತಿಯ ಪಂದ್ಯ, ಎರಡನ್ನೂ ಗೆದ್ದರು. ಅಳತೆಗೋಲು ಬದಲಾದರೂ ಆಳು ಬದಲಾಗಲಿಲ್ಲ.

ಮೂರು ಸಂಜೆ ಅಳಿಯನ ಮೇಜಿನ ಬಳಿ ಪುಸ್ತಕ ಹಿಡಿದು ಕುಳಿತೆ. 96 ಚೆಂಡು, 64 ತಪ್ಪು, ಅಂದರೆ 0.600. ವಿಶ್ವಶ್ರೇಣಿಯ ಆಟಗಾರರು 0.900ರ ಆಸುಪಾಸಿನಲ್ಲಿರುತ್ತಾರೆಂದು ತಿಳಿಸಿದೆ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಅವನ ತಂದೆ ನಗಲು ಹೊರಟವರು, ಮಗನ ಮುಖವನ್ನು ಕಂಡು ಸುಮ್ಮನಾದರು.

“ಹೆಚ್ಚಿನ ತಪ್ಪುಗಳು ಗುರಿಯವಲ್ಲ, ಬಿಳಿಯ ಚೆಂಡಿನವು. ಕಲಿತರೆ ತಿದ್ದಬಹುದು,” ಎಂದೆ. ಕೊನೆಗೆ ರಾಜಿಯಾಯಿತು: ಓದು ನಿಲ್ಲುವುದಿಲ್ಲ, ಆಟವೂ ನಿಲ್ಲುವುದಿಲ್ಲ; ವರ್ಷದ ಕೊನೆಯಲ್ಲಿ ಪುಸ್ತಕ ನೋಡಿ ಮುಂದಿನ ಮಾತು.

ಕೊನೆಯ ಚೆಂಡಿನ ಮುಂದೆ ನಡುಗುವ ಕೈಯನ್ನು, ಸೋತ ಮರುದಿನವೂ ಮೇಜಿಗೆ ಬರುವ ಛಲವನ್ನು ಯಾವ ಅಂಕವೂ ಪೂರ್ತಿ ಹೇಳಲಾರದು. ಆದರೆ ಮನೆಯಲ್ಲಿ ಹಟಕ್ಕೆ ಹಟ ನಿಂತಾಗ ಅಂಕಿಯಂಥ ನಿಷ್ಪಕ್ಷಪಾತಿ ಮಧ್ಯಸ್ಥನಿಲ್ಲ.

ನಿನ್ನೆ ತಂಗಿ ಫೋನಿನಲ್ಲಿ ಹೇಳಿದಳು: ಈಗ ಸಂಜೆಯ ಹೊತ್ತು ಪುಸ್ತಕ ಹಿಡಿದು ತಪ್ಪು ಬರೆಯುವವರು ಯಜಮಾನರೇ ಅಂತೆ. ಊಟಕ್ಕೆ ಮಾತ್ರ ಇಬ್ಬರೂ ತಡವಾಗಿ ಬರುತ್ತಾರಂತೆ!