ನಲವತ್ತೆರಡರಲ್ಲಿ ಗ್ರೀಕ್

ಭಾಷೆ ಕಲಿಯುವವರಲ್ಲಿ ಬಹುಪಾಲು ಜನ ಯಾವುದೋ ಒಂದು ಅಗತ್ಯದ ನಿರ್ಬಂಧಕ್ಕೆ ಒಳಗಾದವರು. ಶಿಶು ತನ್ನ ಹಸಿವನ್ನು ತಿಳಿಸುವುದಕ್ಕೆ ತಾಯ್ನುಡಿಯನ್ನು ಕಲಿಯುತ್ತದೆ. ವಿದ್ಯಾರ್ಥಿ ಪರೀಕ್ಷೆಗಾಗಿ, ವರ್ತಕ ವ್ಯಾಪಾರಕ್ಕಾಗಿ, ಅಧಿಕಾರಿ ಆಡಳಿತಕ್ಕಾಗಿ ಕಲಿಯುತ್ತಾನೆ. 1783ರಲ್ಲಿ ನ್ಯಾಯಾಧೀಶನಾಗಿ ಕಲಕತ್ತೆಗೆ ಬಂದ ವಿಲಿಯಂ ಜೋನ್ಸ್ ಕೂಡ ಸಂಸ್ಕೃತದ ಕಡೆಗೆ ತಿರುಗಿದ್ದು, ಧರ್ಮಶಾಸ್ತ್ರದ ವ್ಯಾಜ್ಯಗಳಲ್ಲಿ ಪಂಡಿತರು ಹೇಳಿದ್ದನ್ನೇ ನೆಚ್ಚಿ ಕುಳಿತಿರಲಾಗದೆಂಬ ಕಾರಣಕ್ಕೆ. ಶಾಕುಂತಲದ ರಸಾಸ್ವಾದ ಆಮೇಲೆ ಒದಗಿದ ಭಾಗ್ಯ. ಇಂಥ ಯಾವ ಒತ್ತಾಯವೂ ಇಲ್ಲದೆ, ಪ್ರೌಢವಯಸ್ಸಿನಲ್ಲಿ, ಕೇವಲ ತನ್ನ ಸಂತೋಷಕ್ಕಾಗಿ ಪರಭಾಷೆಯೊಂದರ ಅಕ್ಷರಮಾಲೆಯನ್ನು ತಿದ್ದಲು ಕುಳಿತವನ ವ್ಯಾಸಂಗವನ್ನು ನಾನು ಎಲ್ಲಕ್ಕಿಂತ ಮೇಲಿನದೆಂದು ಎಣಿಸುತ್ತೇನೆ. ಆ ಭಾಷೆಯನ್ನು ಅದಕ್ಕಾಗಿಯೇ ಬಯಸಿ ಬಂದವನು ಅವನೊಬ್ಬನೇ.

1870ರ ಚಳಿಗಾಲದಲ್ಲಿ ಟಾಲ್‌ಸ್ಟಾಯ್‌ಗೆ ನಲವತ್ತೆರಡು ವರ್ಷ. 'ಯುದ್ಧ ಮತ್ತು ಶಾಂತಿ' ಹಿಂದಿನ ವರ್ಷವಷ್ಟೇ ಮುಗಿದಿತ್ತು. ಪೀಟರ್ ಚಕ್ರವರ್ತಿಯ ಕಾಲವನ್ನು ಕುರಿತು ಬರೆಯಬೇಕೆಂದಿದ್ದ ಕಾದಂಬರಿ ಕೈಗೂಡುತ್ತಿರಲಿಲ್ಲ. ಕೀರ್ತಿ, ಸಂಪತ್ತು, ಸಂಸಾರ ಎಲ್ಲವೂ ಇದ್ದ ಆ ಮಹನೀಯನು, ಯಾರೂ ಕೇಳದಿದ್ದರೂ, ಪಾದ್ರಿಯಾಗಲು ಓದುತ್ತಿದ್ದ ತರುಣನೊಬ್ಬನನ್ನು ಯಾಸ್ನಾಯ ಪೋಲ್ಯಾನದ ತನ್ನ ಮನೆಗೆ ಕರೆಸಿಕೊಂಡು ಪ್ರಾಚೀನ ಗ್ರೀಕಿನ ಮೊದಲ ಪಾಠಗಳನ್ನು ಹೇಳಿಸಿಕೊಂಡನು. ಅಲ್ಲಿಂದ ಮುಂದೆ ಬೆಳಗಿನಿಂದ ಇರುಳಿನವರೆಗೂ ಅದೇ ಧ್ಯಾನ. ಮೊದಲು ಝೆನೊಫನ್, ಅನಂತರ ಹೋಮರ್. ತಾನು ಇದುವರೆಗೆ ಜರ್ಮನ್ ಮತ್ತು ರಷ್ಯನ್ ಅನುವಾದಗಳಲ್ಲಿ ಕಂಡಿದ್ದ ಹೋಮರನು ಕಾಯಿಸಿ ಬಟ್ಟಿಯಿಳಿಸಿದ ನೀರಿನಂತೆ, ಮೂಲದ ಹೋಮರನಾದರೋ ಹಲ್ಲು ಜುಮ್ಮೆನ್ನಿಸುವ, ಮರಳಿನ ಕಣಗಳನ್ನೂ ಹೊತ್ತು ತರುವ ಬುಗ್ಗೆಯ ನೀರಿನಂತೆ ಎಂಬ ಅರ್ಥದಲ್ಲಿ ಆತನು ಗೆಳೆಯ ಫೆತ್ ಕವಿಗೆ ಪತ್ರ ಬರೆದನು. ಈ ವಯಸ್ಸಿನಲ್ಲಿ ಗ್ರೀಕ್ ಕಲಿಯುವುದು ಆಗದ ಮಾತೆಂದು ತಿಳಿದಿದ್ದ ಫೆತ್, ಟಾಲ್‌ಸ್ಟಾಯ್ ಕಲಿತದ್ದೇ ಆದರೆ ಪ್ರಮಾಣಪತ್ರಕ್ಕೆ ತನ್ನ ಚರ್ಮವನ್ನೇ ಸುಲಿದು ಕೊಡುವೆನೆಂದು ಪಂತ ಕಟ್ಟಿದ್ದನಂತೆ.

ಕೆಲವೇ ತಿಂಗಳುಗಳು ಕಳೆದ ಮೇಲೆ ಟಾಲ್‌ಸ್ಟಾಯ್ ಮಾಸ್ಕೋದಲ್ಲಿ ಲಿಯೊಂತಿಯೆವ್ ಎಂಬ ಪ್ರಾಧ್ಯಾಪಕನನ್ನು ಕಂಡನು. ಇಷ್ಟು ಅಲ್ಪಕಾಲದಲ್ಲಿ ಗ್ರೀಕ್ ವಶವಾಗುವುದು ಶಕ್ಯವಿಲ್ಲವೆಂದು ನಂಬಿದ್ದ ಆ ವಿದ್ವಾಂಸನು, ಮೊದಲೇ ಸಿದ್ಧಪಡಿಸಿಕೊಳ್ಳದ ಒಂದು ಗ್ರಂಥವನ್ನು ಇಬ್ಬರೂ ಕೂಡಿ ಓದೋಣವೆಂದು ಸೂಚಿಸಿದನು. ಮೂರು ಸ್ಥಳಗಳಲ್ಲಿ ಅರ್ಥದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಿತು. ಮೂರರಲ್ಲಿಯೂ ಕೊನೆಗೆ ಟಾಲ್‌ಸ್ಟಾಯ್ ಹೇಳಿದ್ದೇ ಸರಿಯೆಂದು ಪ್ರಾಧ್ಯಾಪಕನು ಒಪ್ಪಿಕೊಂಡನೆಂದು ಟಾಲ್‌ಸ್ಟಾಯ್‌ನ ಭಾವಮೈದುನನು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಇದನ್ನು ಪ್ರತಿಭೆಯ ಪವಾಡವೆಂದಷ್ಟೇ ಹೇಳಿ ಕೈಬಿಡುವುದು ನನಗೆ ಸಮ್ಮತವಲ್ಲ. ಯುದ್ಧವನ್ನೂ ಮರಣವನ್ನೂ ದಾಂಪತ್ಯವನ್ನೂ ಕಂಡುಂಡ ಮನಸ್ಸು ಹೋಮರನ ಒಂದು ವಾಕ್ಯದೆದುರು ನಿಂತಾಗ, ಆ ಮಾತಿನ ಹಿಂದಿರುವ ಅನುಭವವನ್ನು ಹೊಸದಾಗಿ ಊಹಿಸಿಕೊಳ್ಳಬೇಕಾದ ಶ್ರಮ ಅದಕ್ಕಿರುವುದಿಲ್ಲ. ನಾಲಗೆ ಬಳುಕುವುದಿಲ್ಲ, ನೆನಪು ಮೊದಲಿನಂತೆ ಹಿಡಿದಿಟ್ಟುಕೊಳ್ಳುವುದಿಲ್ಲ ಎಂಬ ಪ್ರೌಢರ ಕೊರಗು ನಿಜವೇ ಆದರೂ, ಅರ್ಥವನ್ನು ಗ್ರಹಿಸುವ ಪರಿಪಾಕದಲ್ಲಿ ಯಾವ ಬಾಲಕನೂ ಅವರಿಗೆ ಸಮನಾಗಲಾರನು.

ವ್ಯಾಕರಣವೂ ಪ್ರೌಢನಿಗೇ ಹೆಚ್ಚು ಒಲಿಯುತ್ತದೆ. ಬಾಲ್ಯದಲ್ಲಿ ಸಂಸ್ಕೃತದ ಶಬ್ದಮಂಜರಿಯನ್ನು ಕಂಠಪಾಠ ಮಾಡಿದ ನಮ್ಮ ನಾಡಿನ ಓದುಗನೊಬ್ಬನು ಗ್ರೀಕ್ ವ್ಯಾಕರಣವನ್ನು ತೆರೆದನೆಂದರೆ, ಏಕವಚನ ಬಹುವಚನಗಳ ನಡುವೆ ದ್ವಿವಚನವು ಅಲ್ಲಿಯೂ ಇರುವುದನ್ನೂ, ಆತ್ಮನೇಪದವನ್ನು ಹೋಲುವ ಕ್ರಿಯಾರೂಪಗಳನ್ನೂ, ಲಙ್ ಲಕಾರದಲ್ಲಿ ಧಾತುವಿನ ಮುಂದೆ ನಮ್ಮ ಅಕಾರವು ಬಂದು ನಿಲ್ಲುವೆಡೆಯಲ್ಲಿ ಗ್ರೀಕಿನ ಎಕಾರವು ನಿಂತಿರುವುದನ್ನೂ, ಲಿಟ್ ಲಕಾರದ ದ್ವಿತ್ವವೇ ಮತ್ತೊಂದು ವೇಷದಲ್ಲಿ ಎದುರಾಗುವುದನ್ನೂ ಕಂಡು ಪುಳಕಗೊಳ್ಳದೆ ಇರಲಾರನು. ಅಂದು ಅರ್ಥವಿಲ್ಲದೆ ಉರುಹೊಡೆದ ಕೋಷ್ಟಕಗಳು ಇಂದು ಬಹುದೂರದ ನಂಟನ್ನು ತೋರಿಸಿಕೊಡುತ್ತವೆ. ಹುಡುಗನಿಗೆ ಶಿಕ್ಷೆಯಾಗಿದ್ದುದು ಗೃಹಸ್ಥನಿಗೆ ವಿಲಾಸವಾಗುತ್ತದೆ. ಮಂಜೇಶ್ವರದ ಮನೆಯಲ್ಲಿ ನೆಲೆಸಿ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳೊಡನೆ ಬಾಳಿದ ಗೋವಿಂದ ಪೈಗಳನ್ನು ಇಲ್ಲಿ ನೆನೆಯದಿರುವುದು ಹೇಗೆ? ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಪ್ರಹಸನದೊಳಗೆ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಯಲ್ಲಿ ಅವರು ಅಷ್ಟು ಆಸ್ಥೆಯಿಂದ ತೊಡಗಿದ್ದರ ಹಿಂದೆ ಯಾವ ಉದ್ಯೋಗದ ಒತ್ತಡವೂ ಇರಲಿಲ್ಲ.

ಟಾಲ್‌ಸ್ಟಾಯ್‌ನ ಪತ್ನಿ ಸೋಫಿಯಾಳಿಗೆ ಈ ಗೀಳು ಹಿಡಿಸಲಿಲ್ಲ. ಸತ್ತ ಭಾಷೆಯೊಂದಕ್ಕಾಗಿ ಪತಿಯು ಆರೋಗ್ಯವನ್ನೂ ಬರವಣಿಗೆಯನ್ನೂ ಕಳೆದುಕೊಳ್ಳುತ್ತಿರುವನೆಂದು ಆಕೆ ಸಂಕಟಪಟ್ಟಳು. ಆತನು ಬಳಲಿದ್ದುದೂ ನಿಜವೇ, ಆಕೆಯ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಚಳಿಗಾಲದ ಜನವರಿಯಲ್ಲಿ ಆತನು ಫೆತ್‌ಗೆ ಬರೆದ ಪತ್ರದಲ್ಲಿ, 'ಯುದ್ಧ ಮತ್ತು ಶಾಂತಿ'ಯಂಥ ಮಾತಿನ ಹೊರೆಯನ್ನು ತಾನಿನ್ನು ಎಂದಿಗೂ ಬರೆಯಲಾರೆನೆಂಬ ಹರ್ಷ ಕಾಣುತ್ತದೆ. ಆ ಕೃತಿಯ ಮೇಲೆ ಕರ್ತೃವೇ ಕೊಟ್ಟ ಈ ತೀರ್ಪನ್ನು ನಾವು ಒಪ್ಪಬೇಕಾಗಿಲ್ಲ. ಆದರೂ ಗ್ರೀಕರ ಮಿತವೂ ಸ್ವಚ್ಛವೂ ಆದ ವಾಕ್ಯವು ಆತನ ಅಂತರಂಗದಲ್ಲಿ ಏನನ್ನೋ ಕದಲಿಸಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. 1872ರಲ್ಲಿ ಮಕ್ಕಳಿಗಾಗಿ ಆತನು ಹೊರತಂದ ಪಾಠಪುಸ್ತಕದಲ್ಲಿ ಈಸೋಪನ ಕಥೆಗಳು ಗ್ರೀಕಿನಿಂದ ನೇರವಾಗಿ ರೈತರ ಮಕ್ಕಳ ಆಡುನುಡಿಗೆ ಇಳಿದುಬಂದುವು. ಈ ಫಲಗಳನ್ನು ಮುಂದಿಟ್ಟು ಆ ಚಳಿಗಾಲವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಒಂದು ಸಾಲೂ ಹುಟ್ಟದೆ ಹೋಗಿದ್ದರೂ ಆ ತಿಂಗಳುಗಳು ವ್ಯರ್ಥವಾದುವೆಂದು ನಾನು ಹೇಳಲಾರೆ.

1871ರ ಬೇಸಗೆಯಲ್ಲಿ ಮನೆಯವರ ಒತ್ತಾಯಕ್ಕೆ ಮಣಿದು, ಕುದುರೆಯ ಹಾಲನ್ನು ಹುಳಿಯಿಸಿ ಮಾಡುವ ಕುಮಿಸ್ ಎಂಬ ಪಾನೀಯದ ಪಥ್ಯಕ್ಕಾಗಿ ಆತನು ಸಮಾರಾ ಸೀಮೆಯ ಬಯಲಿಗೆ ಹೋಗಿ, ಬಷ್ಕೀರ್ ಎಂಬ ಪಶುಪಾಲಕರ ನಡುವೆ ಡೇರೆಯಲ್ಲಿ ವಾಸವಾಗಿದ್ದನು. ವಿಶ್ರಾಂತಿಗೆಂದು ಹೋದಲ್ಲಿಯೂ ಗ್ರೀಕನ್ನು ಬಿಡಲಿಲ್ಲ. ಓದುತ್ತಿದ್ದುದು ಹೆರೊಡೋಟಸನ ಇತಿಹಾಸ. ಅದರ ನಾಲ್ಕನೆಯ ಭಾಗದ ಮೊದಲಲ್ಲಿಯೇ ಸಿಥಿಯನರು ಕುದುರೆಯ ಹಾಲು ಕರೆಯುವ ಕ್ರಮದ ವರ್ಣನೆ ಬರುತ್ತದೆ. ತನ್ನ ಸುತ್ತ ಇರುವವರು ಆ ಹಾಲುಂಬ ಸಿಥಿಯನರೇ ಎಂಬಂತೆ ಆತನು ಉಲ್ಲಾಸದಿಂದ ಫೆತ್‌ಗೆ ಬರೆದನು. ಇಪ್ಪತ್ತಮೂರು ಶತಮಾನಗಳ ಹಿಂದಿನ ಲೇಖಕನು ಬಣ್ಣಿಸಿದ ಬಾಳನ್ನು ಕಣ್ಣೆದುರಿನ ಬಾಳಿನೊಡನೆ ಹೋಲಿಸಿ ನೋಡುವ ಆ ಸುಖವನ್ನು ಅನುವಾದವೂ ಒಂದಿಷ್ಟು ಕೊಡಬಹುದಿತ್ತು. ಆದರೆ ಹಾಗೆ ಓದುವವನಿಗೆ ಹೆರೊಡೋಟಸನ ಕಂಠವನ್ನು ಅವನದೇ ಮಾತಿನಲ್ಲಿ ಕೇಳುವ ಅವಕಾಶ ದೊರೆಯುತ್ತಿರಲಿಲ್ಲ, ಟಾಲ್‌ಸ್ಟಾಯ್ ಬಯಸಿ ಹೋದದ್ದು ಆ ಕಂಠವನ್ನೇ.