ಅಳಿಸಿಹೋದ ಕಡತವನ್ನು ಮರಳಿ ತಂದು ತೋರಿಸಿ

ಸವಳಂಗದ ಮನೆಯೊಂದರ ಟ್ರಂಕಿನಲ್ಲಿ ಅಜ್ಜನ ಕಾಲದ ಸಾಗುವಳಿ ಚೀಟಿ ಇದ್ದರೆ ಅದರ ಮೇಲೆ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ ಎಂದಿರುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. 2017ರ ಬಜೆಟ್‌ನಲ್ಲಿ ನ್ಯಾಮತಿಯನ್ನು ಹೊಸ ತಾಲ್ಲೂಕೆಂದು ಘೋಷಿಸಲಾಯಿತು. ಸವಳಂಗ ಅದರ ಪಾಲಿಗೆ ಹೋಯಿತು. ಹೊಲ ಇದ್ದಲ್ಲೇ ಇದೆ. ಅದರ ಮೂಲ ಕಡತ ಬೇಕೆಂದವರು ಮಾತ್ರ ಒಂದಕ್ಕಿಂತ ಹೆಚ್ಚು ಕಚೇರಿಗಳ ರೆಕಾರ್ಡ್ ರೂಮ್ ವಿಚಾರಿಸಬೇಕಾಗಬಹುದು. ಕೊನೆಗೆ ಕೈಗೆ ಸಿಗುವುದು 'ಕಡತ ಲಭ್ಯವಿಲ್ಲ' ಎಂಬ ಹಿಂಬರಹವಾದರೆ ಪೋಡಿ, ಖಾತೆ, ಸಾಲ ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ.

ಈ ಸಂಕಟಕ್ಕೆ ಪರಿಹಾರವೆಂದೇ ಕಂದಾಯ ಇಲಾಖೆ 'ಭೂ ಸುರಕ್ಷಾ' ಯೋಜನೆ ತಂದಿದೆ. 2024ರ ಆರಂಭದಲ್ಲಿ ಜಿಲ್ಲೆಗೊಂದು ತಾಲ್ಲೂಕಿನಂತೆ ಶುರುವಾದ ಇದು ಬಳಿಕ ಉಳಿದ ತಾಲ್ಲೂಕುಗಳಿಗೂ ಬಂತು. ತಹಶೀಲ್ದಾರ್ ಕಚೇರಿಯ ಹಳೆಯ ಕಡತ, ರಿಜಿಸ್ಟರ್‌ಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸ. ಮಾಡಲೇಬೇಕಾದ ಕೆಲಸ, ಅನುಮಾನವಿಲ್ಲ. ಗೆದ್ದಲು, ಸೋರುವ ಚಾವಣಿ, ಪುಟ ಕಿತ್ತು ಬೇರೆ ಪುಟ ಸೇರಿಸುವ ಕೈಗಳು, ಇವುಗಳಿಂದ ಹಳೆಯ ದಾಖಲೆ ಪಟ್ಟಿರುವ ಪಾಡು ಹಳ್ಳಿಯವರಿಗೆ ಗೊತ್ತು. ಆದರೆ ಎಷ್ಟು ಪುಟ ಸ್ಕ್ಯಾನ್ ಆಯಿತೆಂಬ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಹೀಗೆ ಏರಿಸಿದ ಕಡತವೊಂದು ಕಂಪ್ಯೂಟರಿನಲ್ಲೇ ಅಳಿಸಿಹೋದರೆ ಅದನ್ನು ಯಾರು, ಎಷ್ಟು ದಿನದಲ್ಲಿ ಮರಳಿ ತರುತ್ತಾರೆ? ತಂದು ನೋಡಿದ್ದಾರೆಯೇ?

ಡಿಲೀಟ್ ಒತ್ತಿದ ಕೂಡಲೇ ಕಡತ ಅಳಿಯುವುದಿಲ್ಲ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಮೊದಲು ಹೋಗುವುದು ಆ ಕಡತ ಎಲ್ಲಿದೆ ಎಂಬ ಗುರುತು ಮಾತ್ರ. ಬಾಂದು ಕಲ್ಲು ಕಿತ್ತರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಪಕ್ಕದವರು ಉತ್ತು ಬಿತ್ತಿದ ಮೇಲೆ ಗಡಿ ಹುಡುಕುವುದು ಕಷ್ಟ. ಹಾಗೆಯೇ ಆ ಜಾಗದಲ್ಲಿ ಹೊಸ ಮಾಹಿತಿ ಬಂದು ಕೂರುವವರೆಗೆ ಹಳೆಯದನ್ನು ಎತ್ತಿಕೊಳ್ಳಬಹುದು. ಅದಕ್ಕೇ ತಪ್ಪು ಗೊತ್ತಾದ ಕೂಡಲೇ ಆ ಯಂತ್ರದಲ್ಲಿ ಬೇರೇನನ್ನೂ ಬರೆಯಬಾರದು ಎನ್ನುತ್ತಾರೆ ತಂತ್ರಜ್ಞರು. ಎಸ್‌ಎಸ್‌ಡಿ ಎಂಬ ಈಗಿನ ಬಗೆಯ ಡಿಸ್ಕುಗಳಲ್ಲಿ ಆ ಅವಕಾಶವೂ ಕಡಿಮೆ. ಖಾಲಿಯೆಂದು ಗುರುತಾದ ಜಾಗವನ್ನು ಅವು ತಾವಾಗಿಯೇ ಒರೆಸಿಬಿಡುತ್ತವೆ.

ದಾಖಲೆ ನಿರ್ವಹಣಾ ತಂತ್ರಾಂಶಗಳು ಇದರ ಮೇಲೆ ಮತ್ತೊಂದು ರಕ್ಷಣೆ ಕೊಡುತ್ತವೆ. ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕೆಲ ಕಾಲ ಇರುತ್ತದೆ. ಗೂಗಲ್ ಡ್ರೈವ್‌ನಲ್ಲಿ 30 ದಿನ, ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ 93 ದಿನ. ಕಚೇರಿಯ ಕೆಲಸಕ್ಕೆ ಇಷ್ಟು ಸಾಕಾಗಬಹುದು. ಜಮೀನಿನ ಕಡತಕ್ಕೆ ಖಂಡಿತ ಸಾಲದು. ಅಪ್ಪ ತೀರಿಕೊಂಡು ಪೌತಿ ಖಾತೆ ಮಾಡಿಸುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ ರೈತನಿಗೆ ಅದು ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅಳಿಸಿ ಹತ್ತು ವರ್ಷವೇ ಆಗಿರಬಹುದು. ಯಾರೂ ಕೇಳದ ಕಡತ ಕಾಣೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ತೊಡಕೂ ಇದೆ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಪುಟದ ಚಿತ್ರ ಒಂದು ಕಡೆ, ಅದು ಯಾವ ಊರಿನ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂಬ ವಿವರ ಇನ್ನೊಂದು ಕಡೆ ಇರುತ್ತವೆ. ಒಂದನ್ನು ಸೋಮವಾರದ ಬ್ಯಾಕಪ್‌ನಿಂದ, ಇನ್ನೊಂದನ್ನು ಗುರುವಾರದ್ದರಿಂದ ತಂದರೆ ಎರಡೂ ಹೊಂದುವುದಿಲ್ಲ. ವಿವರ ತಪ್ಪಾಗಿ ದಾಖಲಾದ ಕಡತವೂ ಅಳಿಸಿದ್ದಕ್ಕೆ ಸಮ. ಸವಳಂಗದ ಪುಟ ಬೇರೊಂದು ಊರಿನ ಹೆಸರಿನಡಿ ಕೂತರೆ ಅದು ಸರ್ವರಿನಲ್ಲಿದ್ದೂ ರೈತನಿಗೆ ಸಿಗುವುದಿಲ್ಲ.

ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ. ಅಮೆರಿಕದ ಡಲ್ಲಾಸ್ ನಗರದಲ್ಲಿ 2021ರಲ್ಲಿ ಪೊಲೀಸ್ ಕಡತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ನೌಕರನೊಬ್ಬನ ತಪ್ಪಿನಿಂದ ಸುಮಾರು 22 ಟೆರಾಬೈಟ್ ಅಳಿಸಿಹೋಯಿತು. ಸುಮಾರು 14 ಮರಳಿ ಬಂತು, ಉಳಿದದ್ದು ಹೋಯಿತು. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದಾಗ, ಹಲವು ಬಗೆಯ ಬ್ಯಾಕಪ್‌ಗಳಿದ್ದೂ ನಂಬಿದ್ದವು ಕೆಲಸಕ್ಕೆ ಬರಲಿಲ್ಲ. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಕಂಪನಿಯನ್ನು ಉಳಿಸಿತು. ದಕ್ಷಿಣ ಕೊರಿಯಾಕ್ಕೆ ಆ ಅದೃಷ್ಟವೂ ಇರಲಿಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರು ಕಡತ ಇಟ್ಟುಕೊಳ್ಳುತ್ತಿದ್ದ 'ಜಿ-ಡ್ರೈವ್'ನ 858 ಟೆರಾಬೈಟ್ ದಾಖಲೆ ಸುಟ್ಟುಹೋಯಿತು. ಪ್ರಮಾಣ ಹೆಚ್ಚೆಂಬ ಕಾರಣಕ್ಕೆ ಅದಕ್ಕೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶದ ಕತೆ ಇದು.

ಕರ್ನಾಟಕವೂ ಈ ಹಾದಿಗೆ ಹೊಸದಲ್ಲ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದದ್ದು ಎರಡು ದಶಕಗಳ ಹಿಂದೆಯೇ. ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಆಗಲೇ ನಿಯಮ ಮಾಡಿ, ಯಾರು ಏನು ಮಾಡಿದರೆಂದು ಹಿಡಿಯುವಂತೆ ಮಾಡಿದ್ದು ದೂರದೃಷ್ಟಿಯ ಕೆಲಸ. ಸರ್ಕಾರಿ ಕಚೇರಿಗಳ ಕಡತ ತಂತ್ರಾಂಶ ಇ-ಆಫೀಸ್‌ನಲ್ಲೂ ಹಳದಿ ಟಿಪ್ಪಣಿಯನ್ನು ಕರಡಾಗಿರುವವರೆಗೆ ಬದಲಿಸಬಹುದು, ಒಮ್ಮೆ ಅಂತಿಮಗೊಂಡು ಹಸಿರಾದರೆ ಯಾರೂ ಅಳಿಸುವಂತಿಲ್ಲ. ಸ್ಕ್ಯಾನ್ ಆದ ಹಳೆಯ ಕಡತಕ್ಕೂ ಇದೇ ಕಟ್ಟುನಿಟ್ಟು ಬೇಕು.

ಕಾನೂನಿನ ಬಲ ಇಲ್ಲವೆಂದಲ್ಲ. ಅನುಮತಿ ಇಲ್ಲದೆ ದುರುದ್ದೇಶದಿಂದ ಕಂಪ್ಯೂಟರಿನ ಮಾಹಿತಿ ಅಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಂದು ಕಾಲದಲ್ಲಿ ಕಚೇರಿಯಲ್ಲಿದ್ದ ದಾಖಲೆಯನ್ನು ಸಿಗುತ್ತಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಲೇಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ಶಿಕ್ಷೆಯಿಂದ ಕಡತ ವಾಪಸ್ ಬರುವುದಿಲ್ಲ.

ಹಾಗಾಗಿ ಇಲಾಖೆ ಮಾಡಬೇಕಾದದ್ದು ಸ್ಪಷ್ಟ. ಪ್ರತಿ ತಾಲ್ಲೂಕಿನಲ್ಲಿ ಮೂರು ತಿಂಗಳಿಗೊಮ್ಮೆ ಕೆಲವು ಕಡತಗಳನ್ನು ಆರಿಸಿ, ಬ್ಯಾಕಪ್‌ನಿಂದ ಪೂರ್ತಿಯಾಗಿ ಮರಳಿ ತಂದು, ಕಾಗದದ ಪ್ರತಿಯೊಡನೆ ಪುಟಕ್ಕೆ ಪುಟ ಹೋಲಿಸಿ, ಫಲಿತಾಂಶವನ್ನು ಕಚೇರಿಯ ಬಾಗಿಲಿಗೆ ಅಂಟಿಸಬೇಕು. ಅಳಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದು. ಸ್ಕ್ಯಾನ್ ಆಯಿತೆಂದು ಶಾಶ್ವತವಾಗಿ ಇಡಬೇಕಾದ ಕಾಗದವನ್ನು ವಿಲೇವಾರಿ ಮಾಡಲೇಬಾರದು. ಎಲ್ಲವೂ ಕೈಕೊಟ್ಟಾಗ ಉಳಿಯುವುದು ಅದೇ.

ಸವಳಂಗ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ರೈತರಲ್ಲೂ ಒಂದು ಮನವಿ. ವ್ಯಾಜ್ಯ ಬಂದಾಗ ಓಡುವುದು ಬೇಡ. ನಿಮ್ಮ ಸರ್ವೆ ನಂಬರಿನ ಕಡತ ಸ್ಕ್ಯಾನ್ ಆಗಿದೆಯೇ, ಎಲ್ಲ ಪುಟ ಇವೆಯೇ, ಓದಲು ಬರುತ್ತದೆಯೇ ಎಂದು ಈ ಬೇಸಿಗೆಯೊಳಗೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ದೃಢೀಕೃತ ನಕಲು ಪಡೆದು ಮನೆಯಲ್ಲಿಡಿ. ಪುಟ ಕಾಣದಿದ್ದರೆ ಅಂದೇ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.